ಕಾಣದ ಪರಮಾಣುವನ್ನು ತೂಗಿದವರು: ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಮಕ್ಕಳೇ,

ನಿಮ್ಮ ವಿಜ್ಞಾನ ಪುಸ್ತಕದಲ್ಲಿ ದ್ರವ್ಯ, ಧಾತು, ಸಂಯುಕ್ತ, ಅಣು, ಪರಮಾಣು ಎಂಬ ಮಾತುಗಳು ಒಂದರ ಹಿಂದೊಂದು ಬರುತ್ತವೆ. ಒಂದೊಂದಕ್ಕೂ ಒಂದು ವ್ಯಾಖ್ಯೆ ಇರುತ್ತದೆ. ಅದರ ಕೆಳಗೆ ಗೆರೆ ಎಳೆದು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆಯುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ, ಅಂಕ ಬೇಕು. ಆದರೆ ಅಲ್ಲಿಗೇ ನಿಂತರೆ ಮನುಷ್ಯ ಪತ್ತೆ ಹಚ್ಚಿದ ಬಹು ದೊಡ್ಡ ಸತ್ಯವೊಂದು ನಿಮ್ಮ ಕೈಯಲ್ಲಿ ಎರಡು ಸಾಲಿನ ಉತ್ತರವಾಗಿ ಉಳಿದುಬಿಡುತ್ತದೆ. ಅದು ನನಗೆ ಸಂಕಟದ ವಿಷಯ. ಅದಕ್ಕೇ ಈ ಪತ್ರ.

ನಾನು ಕೇಳಿಕೊಳ್ಳುವುದು ಇಷ್ಟೇ. ಆ ಪಾಠಗಳ ಪ್ರತಿ ಸಾಲಿನ ಪಕ್ಕದಲ್ಲೂ ಪೆನ್ಸಿಲ್‌ನಲ್ಲಿ ಒಂದು ಪ್ರಶ್ನೆ ಬರೆದುಕೊಳ್ಳಿ: ಇದು ಹೇಗೆ ಗೊತ್ತಾಯಿತು? ನೀರು ಧಾತುವಲ್ಲ, ಸಂಯುಕ್ತ ಎನ್ನುತ್ತದೆ ಪುಸ್ತಕ. ಯಾರಿಗೆ, ಯಾವಾಗ, ಏನು ಮಾಡಿದಾಗ ಗೊತ್ತಾಯಿತು? ಪರಮಾಣು ಎಂಬುದೊಂದಿದೆ ಎಂದು ಜಗತ್ತಿಗೆ ಮನವರಿಕೆ ಮಾಡಿಕೊಟ್ಟ ಜಾನ್ ಡಾಲ್ಟನ್ ಬದುಕಿರುವವರೆಗೆ ಒಂದೇ ಒಂದು ಪರಮಾಣುವನ್ನೂ ಕಾಣಲಿಲ್ಲ, ಕಾಣುವ ಸಾಧನವೂ ಆಗ ಇರಲಿಲ್ಲ. ಆದರೂ ಬೇರೆ ಬೇರೆ ಪರಮಾಣುಗಳಲ್ಲಿ ಯಾವುದು ಯಾವುದಕ್ಕಿಂತ ಎಷ್ಟು ಭಾರ ಎಂಬ ಪಟ್ಟಿಯನ್ನೇ ಆತ ಮಾಡಿದ. ಕಾಣದ್ದನ್ನು ತೂಗಿದ್ದು ಹೇಗೆ? ನಿಮ್ಮ ಪಾಠದ ಜೀವ ಇರುವುದು ಆ ಉತ್ತರದಲ್ಲಿ.

ಮೊದಲು ದ್ರವ್ಯ. ಜಾಗ ಆಕ್ರಮಿಸುವುದು, ರಾಶಿ ಇರುವುದು ದ್ರವ್ಯ ಎಂದು ಓದಿದ್ದೀರಿ. ಕಲ್ಲಿಗೆ, ನೀರಿಗೆ ಇದನ್ನು ಒಪ್ಪಲು ಯಾರಿಗೂ ಕಷ್ಟವಿಲ್ಲ. ಗಾಳಿಯ ವಿಷಯಕ್ಕೆ ಬಂದಾಗ ಮಾತ್ರ ಮನಸ್ಸು ಹಿಂಜರಿಯುತ್ತದೆ. ಒಂದು ಲೀಟರ್ ಗಾಳಿಯ ತೂಕ ಸುಮಾರು 1.2 ಗ್ರಾಂ. ಕಡಿಮೆ ಎನಿಸುತ್ತದಲ್ಲವೇ? ನಿಮ್ಮ ತರಗತಿ ಕೋಣೆಯ ಉದ್ದ 8 ಮೀಟರ್, ಅಗಲ 6 ಮೀಟರ್, ಎತ್ತರ 3 ಮೀಟರ್ ಇದ್ದರೆ ಅದರಲ್ಲಿರುವ ಗಾಳಿಯ ತೂಕ ಸುಮಾರು 170 ಕಿಲೋ. ನಿಮ್ಮಂಥ ನಾಲ್ಕು ಮಕ್ಕಳ ತೂಕದಷ್ಟು ಗಾಳಿ ಆ ಕೋಣೆಯಲ್ಲಿ ಸದ್ದಿಲ್ಲದೆ ನಿಂತಿದೆ. ನಿಮ್ಮ ಕೋಣೆಯ ಅಳತೆ ಹಿಡಿದು ಈ ಲೆಕ್ಕವನ್ನು ನೀವೇ ಮಾಡಿ ನೋಡಿ.

ಈ ಗಾಳಿಯನ್ನು ಲೆಕ್ಕಕ್ಕೆ ಹಿಡಿಯದೆ ಹೋದದ್ದರಿಂದ ಎಂಥ ಜಾಣರೂ ದಾರಿ ತಪ್ಪಿದ್ದಾರೆ. ಹದಿನೇಳನೆಯ ಶತಮಾನದಲ್ಲಿ ಈಗಿನ ಬೆಲ್ಜಿಯಂನಲ್ಲಿ ವಾನ್ ಹೆಲ್ಮಾಂಟ್ ಎಂಬ ವೈದ್ಯ ಇದ್ದ. ಗಿಡ ಬೆಳೆಯಲು ಬೇಕಾದ ದ್ರವ್ಯ ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕೆಂದು ಆತ ಒಣಗಿಸಿದ ಮಣ್ಣನ್ನು ತೂಗಿ, ಸುಮಾರು 90 ಕಿಲೋ, ದೊಡ್ಡ ಕುಂಡಕ್ಕೆ ತುಂಬಿದ. ಅದರಲ್ಲಿ ಎರಡು ಕಿಲೋ ಚಿಲ್ಲರೆ ತೂಗುವ ವಿಲೋ ಸಸಿ ನೆಟ್ಟು ಐದು ವರ್ಷ ಬರೀ ನೀರು ಹಾಕಿದ. ಕೊನೆಗೆ ಮರ ಸುಮಾರು 77 ಕಿಲೋ ತೂಗಿತು. ಮಣ್ಣನ್ನು ಮತ್ತೆ ಒಣಗಿಸಿ ತೂಗಿದರೆ ಕಡಿಮೆಯಾಗಿದ್ದದ್ದು ಸುಮಾರು 60 ಗ್ರಾಂ ಮಾತ್ರ. ಹಾಗಾದರೆ ಮರವೆಲ್ಲ ನೀರಿನಿಂದಲೇ ಆದದ್ದು ಎಂದು ಆತ ತೀರ್ಮಾನಿಸಿದ. ತೂಗಿದ್ದು ಸರಿ, ತಾಳ್ಮೆಯೂ ಮೆಚ್ಚುವಂಥದ್ದು. ಆದರೆ ಗಿಡದ ಸುತ್ತ ಇದ್ದ ಗಾಳಿಯನ್ನು ಆತ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಿಮಗೀಗ ಗೊತ್ತು, ಮರದ ಒಣ ಕಟ್ಟಿಗೆಯಲ್ಲಿರುವ ಇಂಗಾಲವೆಲ್ಲ ಗಾಳಿಯ ಕಾರ್ಬನ್ ಡೈಆಕ್ಸೈಡಿನಿಂದ ಬಂದದ್ದು. ನಿಮ್ಮ ಮನೆಯ ತೆಂಗಿನ ಮರವೂ ಬಹುಪಾಲು ಗಾಳಿ ಮತ್ತು ನೀರುಗಳಿಂದಲೇ ಕಟ್ಟಿಕೊಂಡದ್ದು.

ಹೆಲ್ಮಾಂಟ್ ಬಿಟ್ಟದ್ದನ್ನು ಹಿಡಿದವನು ಪ್ಯಾರಿಸ್ಸಿನ ಆಂಟ್ವಾನ್ ಲವಾಸಿಯೆ. ಆತನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ನಿಮ್ಮ ಪುಸ್ತಕದ ‘ರಾಶಿ ಸಂರಕ್ಷಣಾ ನಿಯಮ’ ಎಂಬ ಒಂದು ಸಾಲಿನ ಹಿಂದೆ ಆತನ ಹಗಲು ರಾತ್ರಿಗಳಿವೆ. ಆತ ವೃತ್ತಿಯಿಂದ ತೆರಿಗೆ ವಸೂಲಿ ಮಾಡುವ ಕಂಪನಿಯೊಂದರ ಪಾಲುದಾರ. ಆ ಹಣದಿಂದ ಅಂದಿನ ಯುರೋಪಿನಲ್ಲೇ ಅತಿ ಸೂಕ್ಷ್ಮವಾದ ತಕ್ಕಡಿಗಳನ್ನು ಮಾಡಿಸಿಕೊಂಡ. ಹೆಂಡತಿ ಮರಿ ಆನ್ ಪ್ರಯೋಗದ ಟಿಪ್ಪಣಿ ಬರೆಯುತ್ತಿದ್ದಳು, ಉಪಕರಣಗಳ ಚಿತ್ರ ಬಿಡಿಸುತ್ತಿದ್ದಳು, ಗಂಡನಿಗಾಗಿ ಇಂಗ್ಲಿಷ್ ಪುಸ್ತಕಗಳನ್ನು ಫ್ರೆಂಚಿಗೆ ತರುತ್ತಿದ್ದಳು.

ಆ ಕಾಲದ ರಸಾಯನಜ್ಞರು ಏನು ನಂಬಿದ್ದರೆಂದರೆ, ಉರಿಯುವ ವಸ್ತುವಿನಲ್ಲಿ ‘ಫ್ಲೊಜಿಸ್ಟನ್’ ಎಂಬುದೊಂದಿದೆ, ಉರಿದಾಗ ಅದು ಹೊರಗೆ ಹೋಗುತ್ತದೆ. ಸೌದೆ ಉರಿದು ಹಗುರವಾದ ಬೂದಿ ಉಳಿಯುವುದನ್ನು ನೋಡಿದವರಿಗೆ ಇದು ನಿಜವೆಂದೇ ತೋರುತ್ತದೆ. ಆದರೆ ಲೋಹಗಳನ್ನು ಗಾಳಿಯಲ್ಲಿ ಕಾಯಿಸಿದರೆ ಅವುಗಳಿಂದ ಬರುವ ಪುಡಿ ಮೊದಲಿನ ಲೋಹಕ್ಕಿಂತ ಭಾರವಾಗಿರುತ್ತಿತ್ತು. ಏನೋ ಹೊರಗೆ ಹೋದ ಮೇಲೆ ತೂಕ ಹೆಚ್ಚುವುದು ಹೇಗೆ? ಲವಾಸಿಯೆ ಪಾದರಸವನ್ನು ಮುಚ್ಚಿದ ಪಾತ್ರೆಯಲ್ಲಿ, ಅಳೆದ ಗಾಳಿಯ ಜೊತೆಗೆ, ಹನ್ನೆರಡು ದಿನ ಬಿಡದೆ ಕಾಯಿಸಿದ. ಪಾದರಸದ ಮೇಲೆ ಕೆಂಪು ಪುಡಿ ಕಟ್ಟಿತು. ಒಳಗಿದ್ದ ಗಾಳಿ ಸುಮಾರು ಆರರಲ್ಲಿ ಒಂದು ಭಾಗ ಕಡಿಮೆಯಾಯಿತು, ಉಳಿದ ಗಾಳಿಯಲ್ಲಿ ದೀಪ ಆರಿತು. ಆಮೇಲೆ ಆ ಕೆಂಪು ಪುಡಿಯನ್ನು ಮಾತ್ರ ತೆಗೆದು ಇನ್ನೂ ಜೋರಾಗಿ ಕಾಯಿಸಿದ. ಪಾದರಸ ಮರಳಿ ಬಂತು, ಜೊತೆಗೆ ಮೊದಲು ಎಷ್ಟು ಗಾಳಿ ಕಾಣೆಯಾಗಿತ್ತೋ ಅಷ್ಟೇ ಗಾಳಿ ಹೊರಬಂತು. ಅದರಲ್ಲಿ ಮೇಣದಬತ್ತಿ ಪ್ರಜ್ವಲಿಸಿತು. ಅದೇ ಆಮ್ಲಜನಕ. ಇಂಗ್ಲೆಂಡಿನ ಪ್ರೀಸ್ಟ್ಲಿ ಮತ್ತು ಸ್ವೀಡನ್ನಿನ ಶೀಲೆ ಅದನ್ನು ಮೊದಲೇ ಹಿಡಿದಿದ್ದರು, ಆದರೆ ಹಿಡಿದದ್ದು ಏನೆಂದು ಸರಿಯಾಗಿ ಗುರುತಿಸಿದವನು ಲವಾಸಿಯೆ. (ಪಾದರಸದ ಆವಿ ವಿಷ. ಈ ಪ್ರಯೋಗವನ್ನು ನೀವು ಓದಿ ತಿಳಿಯಬೇಕೇ ಹೊರತು ಮಾಡಬಾರದು.)

ಹೋದದ್ದು ಎಷ್ಟೋ ಬಂದದ್ದೂ ಅಷ್ಟೇ. ಪಾತ್ರೆಯನ್ನು ಸರಿಯಾಗಿ ಮುಚ್ಚಿ, ಒಳಗಿನ ಗಾಳಿಯನ್ನೂ ಸೇರಿಸಿ ತೂಗಿದರೆ ಲೆಕ್ಕ ತಾಳೆ ಬೀಳುತ್ತದೆ. ಸೌದೆಯ ವಿಷಯದಲ್ಲೂ ಅಷ್ಟೆ, ಹೊಗೆಯನ್ನೂ ಕಣ್ಣಿಗೆ ಕಾಣದ ಅನಿಲಗಳನ್ನೂ ಹಿಡಿದು ತೂಗಲು ಸಾಧ್ಯವಾದರೆ ಒಂದು ಗ್ರಾಂ ಕೂಡ ಕಳೆದಿರುವುದಿಲ್ಲ.

1789ರಲ್ಲಿ ಲವಾಸಿಯೆ ತನ್ನ ರಸಾಯನಶಾಸ್ತ್ರದ ಪುಸ್ತಕ ಪ್ರಕಟಿಸಿದ. ಧಾತು ಎಂದರೆ ಏನು ಎಂಬುದಕ್ಕೆ ಅಲ್ಲಿ ಆತ ಕೊಟ್ಟ ಉತ್ತರ ನನಗೆ ಬಹಳ ಮೆಚ್ಚುಗೆಯಾದದ್ದು. ಯಾವ ವಿಧಾನದಿಂದಲೂ ಇನ್ನಷ್ಟು ಸರಳ ವಸ್ತುಗಳಾಗಿ ಒಡೆಯಲು ನಮಗೆ ಇದುವರೆಗೆ ಆಗಿಲ್ಲವೋ ಅದನ್ನು ಧಾತು ಎನ್ನೋಣ ಎಂಬುದು ಅದರ ತಾತ್ಪರ್ಯ. ‘ಇದುವರೆಗೆ’ ಎಂಬುದನ್ನು ಗಮನಿಸಿ. ಆ ಪುಸ್ತಕದಲ್ಲಿ 33 ಧಾತುಗಳ ಪಟ್ಟಿ ಇದೆ. ಅದರಲ್ಲಿ ಬೆಳಕು, ಶಾಖ ಕೂಡ ಸೇರಿವೆ. ಸುಣ್ಣವೂ ಇದೆ! ಸುಣ್ಣವನ್ನು ಒಡೆಯಲು ಆಗ ಯಾರಿಂದಲೂ ಆಗಿರಲಿಲ್ಲ. 1808ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ವಿದ್ಯುತ್ತಿನ ಬಲದಿಂದ ಅದನ್ನು ಒಡೆದು ಕ್ಯಾಲ್ಸಿಯಂ ಎಂಬ ಲೋಹವನ್ನು ಹೊರತೆಗೆದ. ನಿಮ್ಮ ಅಜ್ಜಿ ಎಲೆಗೆ ಸವರುವ ಸುಣ್ಣದಲ್ಲಿ ಒಂದು ಲೋಹ ಅಡಗಿದೆ ಎಂದು ಹೀಗೆ ತಿಳಿಯಿತು. ಅದನ್ನು ಕಾಣುವ ಭಾಗ್ಯ ಲವಾಸಿಯೆಗೆ ಇರಲಿಲ್ಲ. ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ, 1794ರ ಮೇ 8ರಂದು, ತೆರಿಗೆ ಕಂಪನಿಯ ಇತರ ಪಾಲುದಾರರ ಜೊತೆ ಆತನ ತಲೆ ಕಡಿದರು.

ಇಲ್ಲಿ ನಿಮ್ಮಲ್ಲಿ ಕೆಲವರು ಕಣಾದ ಮಹರ್ಷಿಯನ್ನು ನೆನೆಯುತ್ತೀರಿ. ನೆನೆಯಲೇಬೇಕು. ವಸ್ತುವನ್ನು ಒಡೆಯುತ್ತ ಹೋದರೆ ಎಲ್ಲೋ ಒಂದು ಕಡೆ ನಿಲ್ಲಲೇಬೇಕು, ಒಡೆಯಲಾಗದ ಆ ಕಣವೇ ಪರಮಾಣು ಎಂದು ವೈಶೇಷಿಕ ದರ್ಶನ ವಾದಿಸಿತು. ಗ್ರೀಸಿನಲ್ಲಿ ಡೆಮಾಕ್ರಿಟಸ್ ಇಂಥದೇ ಮಾತು ಹೇಳಿದ. ಇವು ಆಳವಾದ ಚಿಂತನೆಗಳು, ಗೌರವದಿಂದ ಓದಬೇಕಾದವು. ಆದರೆ ತಾಮ್ರದ ಪರಮಾಣು ಕಬ್ಬಿಣದ್ದಕ್ಕಿಂತ ಎಷ್ಟು ಭಾರ ಎಂದು ಕೇಳಿದರೆ ಅವುಗಳಲ್ಲಿ ಉತ್ತರವಿಲ್ಲ, ಅವರ ಪ್ರಶ್ನೆಯೂ ಅದಾಗಿರಲಿಲ್ಲ. ಇದೆ ಎಂದು ತರ್ಕಿಸುವುದು ಬೇರೆ, ಇಷ್ಟಿದೆ ಎಂದು ತೂಗಿ ತೋರಿಸುವುದು ಬೇರೆ. ಎರಡನ್ನೂ ಒಂದೇ ಎನ್ನುವುದರಿಂದ ಕಣಾದನಿಗೂ ನ್ಯಾಯವಾಗುವುದಿಲ್ಲ, ಡಾಲ್ಟನ್ನನಿಗೂ ಆಗುವುದಿಲ್ಲ.

ಮಿಶ್ರಣಕ್ಕೂ ಸಂಯುಕ್ತಕ್ಕೂ ಇರುವ ವ್ಯತ್ಯಾಸವನ್ನು ಪುಸ್ತಕ ಕೋಷ್ಟಕದಲ್ಲಿ ಕೊಡುತ್ತದೆ. ಅದಕ್ಕಿಂತ ಚೆನ್ನಾಗಿ ಬೀದರ್ ಕಲಿಸುತ್ತದೆ. ಬಿದ್ರಿ ಹೂದಾನಿಯ ಮೈ ಹೆಚ್ಚು ಪಾಲು ಸತು, ಸ್ವಲ್ಪ ತಾಮ್ರ ಕರಗಿಸಿ ಎರಕ ಹೊಯ್ದದ್ದು. ಅದು ಮಿಶ್ರಣ. ತಾಮ್ರ ತುಸು ಹೆಚ್ಚಿದರೂ ಕಡಿಮೆಯಾದರೂ ಹೂದಾನಿ ಹೂದಾನಿಯೇ. ಕುಶಲಕರ್ಮಿಗಳು ಅದರ ಮೇಲೆ ಚಿತ್ತಾರ ಕೊರೆದು ಬೆಳ್ಳಿಯ ತಂತಿ, ತಗಡು ಕೂರಿಸುತ್ತಾರೆ. ಆ ಹಂತದಲ್ಲಿ ಬೆಳ್ಳಿ ಯಾವುದು, ಮೈ ಯಾವುದು ಎಂದು ಥಟ್ಟನೆ ತಿಳಿಯುವುದಿಲ್ಲ, ಎರಡೂ ಬೆಳ್ಳಗೆ ಹೊಳೆಯುತ್ತವೆ. ಆಮೇಲೆ ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ ಕಾಯಿಸಿ ಹಚ್ಚುತ್ತಾರೆ. ಮೈಯೆಲ್ಲ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಉಳಿಯುತ್ತದೆ. ಎರಕ ಹೊಯ್ದಾಗ ಆದದ್ದು ಬೆರಕೆ. ಮಣ್ಣು ಹಚ್ಚಿದಾಗ ಆದದ್ದು ರಾಸಾಯನಿಕ ಬದಲಾವಣೆ, ಅಲ್ಲಿ ಹೊಸ ವಸ್ತುವೇ ಹುಟ್ಟಿತು. ಅದೇ ಮಣ್ಣು ಸತು-ತಾಮ್ರದ ಮೈಯನ್ನು ಒಂದು ರೀತಿ, ಬೆಳ್ಳಿಯನ್ನು ಇನ್ನೊಂದು ರೀತಿ ನಡೆಸಿಕೊಂಡಿತು. ಧಾತುವಿಗೆ ಅದರದ್ದೇ ಸ್ವಭಾವ ಇದೆ ಎಂದರೆ ಇದು. ಒಡವೆಯ ಮೇಲಿನ 916 ಎಂಬ ಗುರುತೂ ಇದೇ ಪಾಠ ಹೇಳುತ್ತದೆ. ಸಾವಿರದಲ್ಲಿ 916 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ ಮುಂತಾದವು. 750 ಎಂಬ ಒಡವೆಯೂ ಉಂಟು. ಮಿಶ್ರಣದಲ್ಲಿ ಪ್ರಮಾಣ ನಮ್ಮ ಇಷ್ಟ.

ಸಂಯುಕ್ತದಲ್ಲಿ ಹಾಗಲ್ಲ. ನೀರಿನಲ್ಲಿ ಒಂದು ಗ್ರಾಂ ಜಲಜನಕಕ್ಕೆ ಎಂಟು ಗ್ರಾಂ ಆಮ್ಲಜನಕ. ಕಾವೇರಿಯ ನೀರಿರಲಿ, ಆಲಿಕಲ್ಲಿನ ನೀರಿರಲಿ, ಪ್ರಯೋಗಶಾಲೆಯಲ್ಲಿ ಹೊಸದಾಗಿ ಮಾಡಿದ ನೀರಿರಲಿ, ಶುದ್ಧ ಮಾಡಿ ತೂಗಿದರೆ ಅದೇ ಒಂದಕ್ಕೆ ಎಂಟು. ಫ್ರಾನ್ಸಿನ ಜೋಸೆಫ್ ಪ್ರೌಸ್ಟ್ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಪೇನಿನಲ್ಲಿ ಕೆಲಸ ಮಾಡುತ್ತಿದ್ದಾಗ ಇದನ್ನು ವಸ್ತುವಿನ ಮೇಲೆ ವಸ್ತು ತೂಗಿ ಸಾಧಿಸಿದ. ಬರ್ತೊಲೆ ಎಂಬ ಹಿರಿಯ ವಿಜ್ಞಾನಿ ಒಪ್ಪಲಿಲ್ಲ. ವರ್ಷಗಟ್ಟಲೆ ಇಬ್ಬರೂ ವಾದ ಮಾಡಿದರು, ಕೊನೆಗೆ ಪ್ರೌಸ್ಟ್‌ನ ತೂಕದ ಲೆಕ್ಕವೇ ಗೆದ್ದಿತು. ಆದರೆ ಅದು ಒಂದಕ್ಕೆ ಎಂಟೇ ಏಕೆ, ಒಮ್ಮೆಯಾದರೂ ಏಳೂವರೆ ಏಕಿಲ್ಲ ಎಂಬುದಕ್ಕೆ ಆತನಲ್ಲೂ ಉತ್ತರವಿರಲಿಲ್ಲ.

ಉತ್ತರ ಕೊಟ್ಟವನು ಜಾನ್ ಡಾಲ್ಟನ್. ಉತ್ತರ ಇಂಗ್ಲೆಂಡಿನ ಹಳ್ಳಿಯೊಂದರ ನೇಕಾರನ ಮಗ. ಹನ್ನೆರಡನೆಯ ವಯಸ್ಸಿಗೇ, ಅಂದರೆ ನಿಮಗಿಂತ ಚಿಕ್ಕವನಿದ್ದಾಗಲೇ, ಊರಿನ ಶಾಲೆಯಲ್ಲಿ ಪಾಠ ಹೇಳಲು ನಿಂತವನು. ಮಳೆ, ಗಾಳಿ, ಸೆಕೆಗಳನ್ನು ದಿನವೂ ಬರೆದಿಡುವ ದಿನಚರಿಯನ್ನು 1787ರಲ್ಲಿ ಆರಂಭಿಸಿ 1844ರಲ್ಲಿ ಸಾಯುವವರೆಗೂ ಬಿಡಲಿಲ್ಲ. ಆತನನ್ನು ಪರಮಾಣುವಿನ ಕಡೆ ಎಳೆದದ್ದು ಗಾಳಿಯೇ. ಆಮ್ಲಜನಕ ಸಾರಜನಕಕ್ಕಿಂತ ಭಾರ. ಹಾಗಿದ್ದರೆ ಭಾರದ್ದು ಕೆಳಗೆ, ಹಗುರವಾದದ್ದು ಮೇಲೆ ಎಂದು ಗಾಳಿ ಏಕೆ ಪದರ ಪದರವಾಗಿ ನಿಲ್ಲುವುದಿಲ್ಲ? ಗಾಳಿ ಬಿಡಿ ಬಿಡಿ ಕಣಗಳಿಂದ ಆಗಿರಬೇಕು, ಆ ಕಣಗಳ ತೂಕ ಬೇರೆ ಬೇರೆ ಇರಬೇಕು ಎಂಬ ಯೋಚನೆ ಆತನಲ್ಲಿ ಹೀಗೆ ಬೆಳೆಯಿತು.

ಆತನ ತರ್ಕವನ್ನು ಒಂದು ಲೆಕ್ಕದಿಂದ ನೋಡೋಣ, ಈ ಪತ್ರದಲ್ಲಿ ಇದೇ ಮುಖ್ಯ ಭಾಗ. ಇಂಗಾಲವೂ ಆಮ್ಲಜನಕವೂ ಸೇರಿ ಎರಡು ಅನಿಲಗಳಾಗುತ್ತವೆ. ಇದ್ದಲಿಗೆ ಸಾಕಷ್ಟು ಗಾಳಿ ಸಿಗದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್, ನಾವು ಉಸಿರಿನಲ್ಲಿ ಬಿಡುವ ಕಾರ್ಬನ್ ಡೈಆಕ್ಸೈಡ್. ಮೊದಲನೆಯದರಲ್ಲಿ ನೂರಕ್ಕೆ ಸುಮಾರು 43 ಭಾಗ ಇಂಗಾಲ, 57 ಭಾಗ ಆಮ್ಲಜನಕ. ಎರಡನೆಯದರಲ್ಲಿ 27 ಮತ್ತು 73. ಈ ನಾಲ್ಕು ಅಂಕಿಗಳನ್ನು ಎಷ್ಟು ದಿಟ್ಟಿಸಿದರೂ ಅದರಲ್ಲಿ ಯಾವ ಕ್ರಮವೂ ಕಾಣುವುದಿಲ್ಲ. ಈಗ ಇಂಗಾಲವನ್ನು ಒಂದೇ ತೂಕಕ್ಕೆ ಹಿಡಿದು ಲೆಕ್ಕ ಹಾಕಿ. 12 ಗ್ರಾಂ ಇಂಗಾಲಕ್ಕೆ ಮೊದಲನೆಯದರಲ್ಲಿ 16 ಗ್ರಾಂ ಆಮ್ಲಜನಕ, ಎರಡನೆಯದರಲ್ಲಿ 32 ಗ್ರಾಂ. ಸರಿಯಾಗಿ ಎರಡರಷ್ಟು! ಒಂದೂವರೆಯಷ್ಟಲ್ಲ, ಒಂದೂಮುಕ್ಕಾಲಿನಷ್ಟಲ್ಲ. ದ್ರವ್ಯ ನೀರಿನ ಧಾರೆಯಂತೆ ಎಲ್ಲಿ ಬೇಕಾದರೂ ತುಂಡಾಗುವಂತಿದ್ದರೆ ಹೀಗೆ ಆಗಲು ಕಾರಣವೇ ಇಲ್ಲ. ಇಂಗಾಲದ ಒಂದು ಬಿಡಿ ಕಣಕ್ಕೆ ಆಮ್ಲಜನಕದ ಒಂದು ಬಿಡಿ ಕಣ, ಅಥವಾ ಎರಡು ಬಿಡಿ ಕಣ ಸೇರುತ್ತವೆ, ಅರ್ಧ ಕಣ ಎಂಬುದಿಲ್ಲ ಎಂದುಕೊಂಡರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಆ ಬಿಡಿ ಕಣವೇ ಪರಮಾಣು. ಒಂದು ಧಾತುವಿನ ಪರಮಾಣುಗಳ ತೂಕ ಒಂದು, ಇನ್ನೊಂದರದ್ದು ಇನ್ನೊಂದು. ಒಂದೊಂದನ್ನೂ ತಕ್ಕಡಿಗೆ ಹಾಕಲಾಗದಿದ್ದರೂ ರಾಶಿ ರಾಶಿಯಾಗಿ ತೂಗಿ ಅನುಪಾತ ತಿಳಿಯಬಹುದು. ಡಾಲ್ಟನ್ 1803ರಲ್ಲಿ ಮೊದಲ ಪಟ್ಟಿ ಬರೆದುಕೊಂಡ, 1808ರಲ್ಲಿ ಪುಸ್ತಕವಾಗಿ ತಂದ.

ಆತನ ಪಟ್ಟಿಯಲ್ಲಿ ತಪ್ಪುಗಳಿದ್ದವು. ನೀರು ಎಂದರೆ ಒಂದು ಜಲಜನಕ, ಒಂದು ಆಮ್ಲಜನಕ ಎಂದು ಆತ ಎಣಿಸಿದ್ದ. ಅದರಿಂದ ಆಮ್ಲಜನಕದ ಪರಮಾಣು ಜಲಜನಕದ ಏಳರಷ್ಟು ಭಾರ ಎಂದು ಬರೆದ, ಇಂದು ನಾವು ಹದಿನಾರರಷ್ಟು ಎನ್ನುತ್ತೇವೆ. ಇಟಲಿಯ ಅವೊಗಾಡ್ರೊ 1811ರಲ್ಲೇ ಸರಿಯಾದ ದಾರಿ ತೋರಿಸಿದ್ದರೂ ಯಾರೂ ಕಿವಿಗೊಡಲಿಲ್ಲ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಯುರೋಪಿನ ರಸಾಯನಜ್ಞರೆಲ್ಲ ಸೇರಿದಾಗ ಕನಿಝಾರೊ ಅದನ್ನು ಮತ್ತೆ ಎತ್ತಿ ಹಿಡಿದ ಮೇಲೆ ಗೊಂದಲ ತಿಳಿಯಾಯಿತು. ನೀವು ಕ್ಷಣದಲ್ಲಿ ಬರೆಯುವ ‘ಎಚ್2ಒ’ ಎಂಬ ಸೂತ್ರದ ಆ ‘2’ ಎಂಬ ಅಂಕಿಗಾಗಿ ಅರ್ಧ ಶತಮಾನ ಹಿಡಿಯಿತು.

ಆ ಕಾರ್ಲ್ಸ್‌ರೂಹೆ ಸಭೆಯಲ್ಲಿದ್ದ ತರುಣರಲ್ಲಿ ಒಬ್ಬ ರಷ್ಯಾದ ಮೆಂಡಲೀವ್. 1869ರಲ್ಲಿ ಆತ ಅಂದು ತಿಳಿದಿದ್ದ 63 ಧಾತುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿ, ಗುಣಗಳು ಹೊಂದದ ಕಡೆ ಜಾಗ ಖಾಲಿ ಬಿಟ್ಟ. ಅಲ್ಯೂಮಿನಿಯಂ ಕೆಳಗಿನ ಖಾಲಿ ಜಾಗಕ್ಕೆ ಬರಬೇಕಾದ ಧಾತುವಿನ ಸಾಂದ್ರತೆ ಇಷ್ಟಿರಬೇಕು ಎಂದೂ ಬರೆದ. 1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಂ ಸಿಕ್ಕಿತು. ಕಂಡುಹಿಡಿದವನು ಅಳೆದ ಸಾಂದ್ರತೆ 4.7. ಅದು 5.9ರ ಹತ್ತಿರ ಇರಬೇಕು, ಇನ್ನಷ್ಟು ಶುದ್ಧಮಾಡಿ ಮತ್ತೆ ಅಳೆಯಿರಿ ಎಂದು ಮೆಂಡಲೀವ್ ರಷ್ಯಾದಿಂದ ತಿಳಿಸಿದ. ಮತ್ತೆ ಅಳೆದಾಗ ಬಂದದ್ದು 5.9! ಆ ಲೋಹವನ್ನು ಕಣ್ಣಿಂದ ಕಾಣದವನು, ಕೈಯಲ್ಲಿ ಹಿಡಿದವನಿಗಿಂತ ಸರಿಯಾಗಿ ಹೇಳಿದ.

ಧಾತುಗಳ ಈ ಕಥೆ ನಮ್ಮ ನೆಲವನ್ನೂ ಮುಟ್ಟಿದೆ. ಗ್ಯಾಸ್ ಒಲೆಯ ಮೇಲೆ ಉಪ್ಪು ಹಾಕಿದ ಸಾರು ಉಕ್ಕಿ ಚೆಲ್ಲಿದರೆ ನೀಲಿ ಜ್ವಾಲೆ ಹಳದಿಯಾಗುವುದನ್ನು ನೋಡಿದ್ದೀರಿ. ಅದು ಉಪ್ಪಿನಲ್ಲಿರುವ ಸೋಡಿಯಂನ ಬೆಳಕು. ಕಾದ ಅನಿಲ ರೂಪದಲ್ಲಿ ಪ್ರತಿ ಧಾತುವೂ ತನ್ನದೇ ಆದ ಬಣ್ಣದ ಗೆರೆಗಳನ್ನು ಸೂಸುತ್ತದೆ. 1868ರ ಆಗಸ್ಟ್ 18ರಂದು ಸಂಪೂರ್ಣ ಸೂರ್ಯಗ್ರಹಣ ನಮ್ಮ ವಿಜಯಪುರ, ಜಮಖಂಡಿಗಳ ಮೇಲೆ ಹಾದು ಆಂಧ್ರದ ಗುಂಟೂರಿನ ಕಡೆ ಹೋಯಿತು. ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ದೂರದರ್ಶಕಕ್ಕೆ, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕ ಜೋಡಿಸಿ ಸೂರ್ಯನ ಅಂಚಿನ ಜ್ವಾಲೆಗಳನ್ನು ನೋಡಿದರು. ಪ್ರಕಾಶಮಾನವಾದ ಗೆರೆಗಳು ಕಂಡವು. ಅವುಗಳಲ್ಲಿ ಹಳದಿ ಗೆರೆಯೊಂದನ್ನು ಅಂದಿನ ವೀಕ್ಷಕರಲ್ಲಿ ಹಲವರು ಸೋಡಿಯಂನದ್ದೆಂದೇ ತಿಳಿದರು. ಅದೇ ವರ್ಷ ಇಂಗ್ಲೆಂಡಿನ ಲಾಕಿಯರ್ ಗ್ರಹಣವಿಲ್ಲದೆಯೇ ಆ ಗೆರೆಯನ್ನು ಕಂಡು, ಅದು ಸೋಡಿಯಂನ ಜಾಗದಿಂದ ತುಸು ಪಕ್ಕದಲ್ಲಿದೆ ಎಂದು ಗುರುತಿಸಿದ. ಭೂಮಿಯ ಯಾವ ಧಾತುವಿಗೂ ಆ ಗೆರೆ ಹೊಂದಲಿಲ್ಲ. ಹೊಸದಿರಬೇಕಾದ ಆ ಧಾತುವಿಗೆ ಸೂರ್ಯನ ಹೆಸರಿನಿಂದಲೇ ಹೀಲಿಯಂ ಎಂದು ಹೆಸರಾಯಿತು. 1895ರಲ್ಲಿ ರಾಮ್ಸೆ ಯುರೇನಿಯಂ ಇರುವ ಖನಿಜವೊಂದರಿಂದ ಅದೇ ಅನಿಲವನ್ನು ಭೂಮಿಯ ಮೇಲೆಯೇ ಹೊರತೆಗೆದ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಮಕ್ಕಳೇ, ಈ ಸಂಗತಿಯನ್ನು ನಿಮ್ಮ ಶಾಲೆಯ ಗೋಡೆಯ ಮೇಲೆ ಬರೆಯುವ ಹಕ್ಕು ನಿಮಗಿದೆ.

ಇಷ್ಟಾದರೂ ಪರಮಾಣು ನಿಜವೇ ಎಂಬ ಸಂದೇಹ ಇಪ್ಪತ್ತನೆಯ ಶತಮಾನದ ಆರಂಭದವರೆಗೂ ದೊಡ್ಡ ದೊಡ್ಡ ವಿಜ್ಞಾನಿಗಳಲ್ಲಿ ಉಳಿದಿತ್ತು. ಲೆಕ್ಕಕ್ಕೆ ಅನುಕೂಲವಾದ ಕಲ್ಪನೆ, ಅಷ್ಟೇ ಎನ್ನುತ್ತಿದ್ದ ಜರ್ಮನಿಯ ಆಸ್ಟ್‌ವಾಲ್ಡ್. ಆ ಸಂದೇಹವನ್ನು ಕಳೆದದ್ದು ಧೂಳಿನ ಕುಣಿತ. 1827ರಲ್ಲಿ ಸಸ್ಯಶಾಸ್ತ್ರಜ್ಞ ರಾಬರ್ಟ್ ಬ್ರೌನ್ ನೀರಿನಲ್ಲಿ ಹೂವಿನ ಪರಾಗದ ಸೂಕ್ಷ್ಮ ಕಣಗಳು ಒಂದೇ ಸಮನೆ ಅಲುಗಾಡುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದ. ಜೀವ ಇರುವುದರಿಂದ ಹೀಗೋ ಎಂದು ಕಲ್ಲು, ಗಾಜುಗಳ ಪುಡಿ ಹಾಕಿ ನೋಡಿದ. ಅವೂ ಕುಣಿದವು. ಕಾಣದ ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುವುದೇ ಇದಕ್ಕೆ ಕಾರಣ, ಗುದ್ದಿನಿಂದ ಕಣ ಎಷ್ಟು ಹೊತ್ತಿಗೆ ಎಷ್ಟು ದೂರ ಸರಿಯಬೇಕು ಎಂಬ ಲೆಕ್ಕ ಇದು ಎಂದು 1905ರಲ್ಲಿ ಐನ್‌ಸ್ಟೈನ್ ಸೂತ್ರ ಕೊಟ್ಟ. ಪ್ಯಾರಿಸ್ಸಿನ ಜಾನ್ ಪೆರಾಂ ಅದನ್ನು ಪರೀಕ್ಷಿಸಲು ಆರಿಸಿಕೊಂಡದ್ದು ಹಳದಿ ಬಣ್ಣಕ್ಕೆ ಬಳಸುವ ಒಂದು ಮರದ ಅಂಟನ್ನು. ಆ ಮರ ನಮ್ಮ ಮಲೆನಾಡಿನ ಮುರುಗಲು, ಉಪ್ಪಾಗೆಗಳ ಬಳಗದ್ದು. ಅಂಟಿನ ಒಂದೇ ಗಾತ್ರದ ಕಣಗಳನ್ನು ಬೇರ್ಪಡಿಸಿ, ನೀರಿನಲ್ಲಿ ಯಾವ ಎತ್ತರದಲ್ಲಿ ಎಷ್ಟಿವೆ ಎಂದು ಆತ ಒಂದೊಂದಾಗಿ ಎಣಿಸಿದ, ಅವು ಸರಿದ ದೂರವನ್ನು ಅಳೆದ. ಸೂತ್ರ ಹೇಳಿದಂತೆಯೇ ಬಂತು. ಆಸ್ಟ್‌ವಾಲ್ಡ್ 1909ರಲ್ಲಿ ತನ್ನ ಅಭಿಪ್ರಾಯ ಬದಲಿಸಿ ಪರಮಾಣುಗಳನ್ನು ಒಪ್ಪಿಕೊಂಡ. ಸಾಕ್ಷಿ ಸಿಕ್ಕಾಗ ಜೀವಮಾನದ ನಿಲುವನ್ನು ಬಿಟ್ಟುಕೊಟ್ಟ ಆತನ ಬಗ್ಗೆ ನನಗೆ ಅಪಾರ ಗೌರವ. 1926ರಲ್ಲಿ ಪೆರಾಂಗೆ ನೊಬೆಲ್ ಬಂತು.

ಹೀಗೆ ಎಣಿಸಿದ್ದರಿಂದ ಅಣುಗಳ ಸಂಖ್ಯೆಯೂ ಸಿಕ್ಕಿತು. 18 ಗ್ರಾಂ ನೀರಿನಲ್ಲಿ, ಅಂದರೆ ಒಂದು ಗುಟುಕಿನಲ್ಲಿ, ಸುಮಾರು 6ರ ಮುಂದೆ 23 ಸೊನ್ನೆ ಬರೆದಷ್ಟು ಅಣುಗಳು. ಭೂಮಿಯ ಮೇಲಿನ 800 ಕೋಟಿ ಜನರೂ ಕೂತು, ಒಬ್ಬೊಬ್ಬರೂ ಸೆಕೆಂಡಿಗೆ ಒಂದರಂತೆ ಹಗಲಿರುಳು ಎಣಿಸಿದರೆ ಮುಗಿಯಲು ಸುಮಾರು 24 ಲಕ್ಷ ವರ್ಷ ಬೇಕು.

ಪರಮಾಣುವಿನ ಒಳಗೆ ಏನಿದೆ ಎಂಬುದನ್ನು ಮುಂದಿನ ಪಾಠ ವಿವರಿಸುತ್ತದೆ, ನಾನು ಬೇಗ ಹೇಳಿ ಮುಗಿಸುತ್ತೇನೆ. 1897ರಲ್ಲಿ ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದ. ಒಡೆಯಲಾಗದ್ದು ಎಂದ ಪರಮಾಣುವಿನಲ್ಲೂ ಭಾಗಗಳಿವೆ ಎಂದಾಯಿತು. 1909ರಲ್ಲಿ, ಡಾಲ್ಟನ್ ದುಡಿದ ಅದೇ ಮ್ಯಾಂಚೆಸ್ಟರಿನಲ್ಲಿ, ರದರ್‌ಫರ್ಡ್‌ನ ಬಳಿ ಕೆಲಸ ಮಾಡುತ್ತಿದ್ದ ಗೈಗರ್ ಮತ್ತು ಇಪ್ಪತ್ತು ವರ್ಷದ ವಿದ್ಯಾರ್ಥಿ ಮಾರ್ಸ್‌ಡೆನ್ ತೆಳು ಚಿನ್ನದ ಹಾಳೆಯ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಬಹುತೇಕ ಕಣಗಳು ನೇರವಾಗಿ ದಾಟಿದವು, ಸಾವಿರಾರರಲ್ಲಿ ಒಂದು ಹಿಂದಕ್ಕೆ ಚಿಮ್ಮಿತು. ಆ ಒಂದನ್ನು ಅವರು ಅಲಕ್ಷಿಸಲಿಲ್ಲ. ಅದರಿಂದ 1911ರಲ್ಲಿ ರದರ್‌ಫರ್ಡ್ ಪರಮಾಣುವಿನ ನಟ್ಟನಡುವೆ ನ್ಯೂಕ್ಲಿಯಸ್ ಎಂಬ ಪುಟ್ಟ, ಭಾರವಾದ ತಿರುಳು ಇರಬೇಕೆಂದು ಊಹಿಸಿದ. ಚಿನ್ನದ ಪರಮಾಣುವಿನ ನ್ಯೂಕ್ಲಿಯಸ್ ಒಂದು ಸಾಸಿವೆ ಕಾಳಿನಷ್ಟಿದ್ದರೆ ಪರಮಾಣುವಿನ ಅಡ್ಡಳತೆ ಸುಮಾರು 40 ಮೀಟರ್ ಆಗುತ್ತದೆ. ಇಡೀ ಪರಮಾಣುವಿನ ತೂಕವೆಲ್ಲ ಹೆಚ್ಚುಕಡಿಮೆ ಆ ಕಾಳಿನಲ್ಲೇ. ಅದರಲ್ಲಿರುವ ಪ್ರೋಟಾನ್ ಎಂಬ ಕಣಗಳ ಸಂಖ್ಯೆಯೇ ಧಾತುವಿನ ಗುರುತು. 79 ಇದ್ದರೆ ಚಿನ್ನ, 80 ಇದ್ದರೆ ಪಾದರಸ. ಇಂದು ಗೊತ್ತಿರುವ ಧಾತುಗಳು 118. ನಿಮ್ಮ ಮೈಯ ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ ಎಂಬ ನಾಲ್ಕೇ.

ತರಗತಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದೆರಡು ತಪ್ಪು ತಿಳಿವಳಿಕೆಗಳ ಬಗ್ಗೆಯೂ ಹೇಳಬೇಕು. ನೀರಿನ ಅಣುಗಳ ನಡುವೆ ಏನಿದೆ ಎಂದು ಕೇಳಿದರೆ ‘ಗಾಳಿ’ ಎನ್ನುವವರೇ ಹೆಚ್ಚು. ಗಾಳಿಯೂ ಅಣುಗಳಿಂದಲೇ ಆದದ್ದು ತಾನೆ? ಆ ಗಾಳಿಯ ಅಣುಗಳ ನಡುವೆ ಇನ್ನೇನಿದೆ? ಅಣುಗಳ ನಡುವೆ ಇರುವುದು ಬರೀ ಖಾಲಿ ಜಾಗ. ಈ ಮಾತು ನಂಬಲು ಕಷ್ಟ, ಅದಕ್ಕೇ ಅವಸರ ಮಾಡದೆ ಯೋಚಿಸಿ. ಇನ್ನೊಂದು, ಚಿನ್ನ ಹಳದಿ ಎಂದ ಮಾತ್ರಕ್ಕೆ ಚಿನ್ನದ ಒಂದು ಪರಮಾಣು ಹಳದಿಯಲ್ಲ. ಕಾಯಿಸಿದಾಗ ಕಬ್ಬಿಣ ಹಿಗ್ಗುತ್ತದೆ, ಅದರ ಪರಮಾಣುಗಳು ಊದಿಕೊಳ್ಳುವುದಿಲ್ಲ, ಹೆಚ್ಚು ಜೋರಾಗಿ ಕಂಪಿಸಿ ನಡುವಿನ ಅಂತರ ಹೆಚ್ಚುತ್ತದೆ. ಮಂಜುಗಡ್ಡೆ ಕರಗುತ್ತದೆ, ನೀರಿನ ಅಣು ಕರಗುವುದಿಲ್ಲ. ಬಣ್ಣ, ಕರಗುವಿಕೆ, ಗಟ್ಟಿತನ ಇವೆಲ್ಲ ಕೋಟಿ ಕೋಟಿ ಕಣಗಳು ಕೂಡಿದಾಗ ಕಾಣುವ ಗುಣಗಳು.

ಕೊನೆಗೆ ಒಂದು ಕೆಲಸ ಕೊಡುತ್ತೇನೆ. ತಂಪು ಪಾನೀಯದ ಗಟ್ಟಿಯಾದ ಒಂದು ಲೀಟರ್ ಬಾಟಲಿಗೆ ಎರಡು ನಿಂಬೆಹಣ್ಣಿನ ರಸ ಹಾಕಿ. ತೆಳು ಕಾಗದದಲ್ಲಿ ಎರಡು ಗ್ರಾಂ ಅಡುಗೆ ಸೋಡಾ ಪೊಟ್ಟಣ ಕಟ್ಟಿ, ಅದಕ್ಕಿಂತ ಹೆಚ್ಚು ಬೇಡ. ಬಾಟಲಿ, ಮುಚ್ಚಳ, ಪೊಟ್ಟಣ ಮೂರನ್ನೂ ಒಟ್ಟಿಗೆ, ಗ್ರಾಮಿನ ಹತ್ತರಲ್ಲಿ ಒಂದು ಭಾಗವನ್ನೂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ಪೊಟ್ಟಣವನ್ನು ಒಳಗೆ ಹಾಕಿ ತಕ್ಷಣ ಮುಚ್ಚಳ ಬಿಗಿಯಿರಿ. ನೊರೆ ನಿಂತ ಮೇಲೆ ತೂಗಿ, ತೂಕ ಬದಲಾಗಿರುವುದಿಲ್ಲ. ಈಗ ಮುಚ್ಚಳ ನಿಧಾನವಾಗಿ ತಿರುಗಿಸಿ, ಅನಿಲ ಹೋಗಲು ಬಿಟ್ಟು, ಮುಚ್ಚಳ ಸಮೇತ ಮತ್ತೆ ತೂಗಿ. ಎಷ್ಟು ಇಳಿಯಿತು ಎಂದು ನೋಡಿ. ಮುಚ್ಚಳದ ಬದಲು ಬಾಟಲಿಯ ಬಾಯಿಗೆ ಬಲೂನು ಕಟ್ಟಿ ಇದೇ ಪ್ರಯೋಗ ಮಾಡುವವರಿದ್ದಾರೆ. ಆಗ ಬಲೂನು ಉಬ್ಬುತ್ತಿದ್ದಂತೆ, ಏನೂ ಸೋರದಿದ್ದರೂ, ತಕ್ಕಡಿ ತುಸು ಕಡಿಮೆ ತೋರಿಸುತ್ತದೆ. ಏಕೆ? ಒಂದು ಲೀಟರ್ ಗಾಳಿಯ ತೂಕ ಎಷ್ಟೆಂದು ಮೇಲೆ ಬರೆದಿದ್ದೇನೆ. ನೀರಿನಲ್ಲಿ ಮುಳುಗಿಸಿದ ಕೊಡ ಹಗುರವಾಗುವುದನ್ನೂ ನೆನಪಿಗೆ ತಂದುಕೊಳ್ಳಿ. ಉತ್ತರ ನೀವೇ ಹುಡುಕಬೇಕು.

ನಿಮ್ಮ ಮೇಷ್ಟ್ರನ್ನು, ಟೀಚರನ್ನು ಕೇಳಲು ಸಂಕೋಚ ಬೇಡ. ‘ಸಾರ್, ಇದು ಹೇಗೆ ಗೊತ್ತಾಯಿತು?’ ಎಂದು ಕೇಳಿದರೆ ಅವರಿಗೆ ಸಂತೋಷವೇ ಆಗುತ್ತದೆ. ಅಂದೇ ಉತ್ತರ ಸಿಗದಿದ್ದರೆ ಇಬ್ಬರೂ ಸೇರಿ ಹುಡುಕಿ. ಮುಂದಿನ ವಾರ ಶಾಲೆಯ ಪ್ರಯೋಗಾಲಯದ ಬೀಗ ತೆಗೆಸಿ, ತಕ್ಕಡಿಯ ಧೂಳು ಒರೆಸಿ, ಬಾಟಲಿಯ ಪ್ರಯೋಗವನ್ನು ಇಡೀ ತರಗತಿ ಕೂಡಿ ಮಾಡಿ. ಬಂದ ಅಂಕಿಗಳನ್ನು ಬಂದಂತೆಯೇ ಬರೆದಿಡಿ, ಪುಸ್ತಕಕ್ಕೆ ಹೊಂದಲಿ ಎಂದು ತಿದ್ದಬೇಡಿ.

ಇಂತಿ ನಿಮ್ಮ ಹಿತೈಷಿ,
ಒಬ್ಬ ವಿಜ್ಞಾನ ಲೇಖಕ